ಕೆಲಸ ಹಚ್ಚುವ ವೈನಿ

ನಮ್ಮ ವೈನಿಯಂಥ ಕೆಲಸಗಳ್ಳರು ಇಡೀ ಬೀದರ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ! ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಮಾತು ಬಾರದ ಮಕ್ಕಳಿಗೆ, ಮಾತು ಕಳೆದುಕೊಂಡ ಹಿರಿಯರಿಗೆ ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್. ನಾಲ್ಕು ದಿನ ಬೀದರ, ಒಂದು ದಿನ ಭಾಲ್ಕಿ, ಒಂದು ದಿನ ಔರಾದ. ಸಂಜೆ ಐದಾಯಿತೋ, ಅಂಗಡಿ ಬಂದ್. ಆಮೇಲೆ ಜಿಲ್ಲಾಧಿಕಾರಿಯೇ ಬಂದು ತೊದಲಿದರೂ ಅವರು ಕಣ್ಣೆತ್ತಿ ನೋಡುವವರಲ್ಲ.

ಹೊಸತರಲ್ಲಿ ಹೀಗಿರಲಿಲ್ಲ. ಬಂದವರಿಗೆಲ್ಲ ಹೂಂ ಅಂದು, ಕತ್ತಲಾಗುವವರೆಗೆ ದುಡಿದು, ಕೊನೆಗೆ ಅವರ ಗಂಟಲೇ ಕೂತುಬಿಟ್ಟಿತು. ಮಾತು ಕಲಿಸುವವರು ಕೈಸನ್ನೆಯಲ್ಲಿ ಸಂಸಾರ ಮಾಡಬೇಕಾಯಿತು. ಅಣ್ಣನಿಗೋ, ಯಾವ ಸನ್ನೆ ಮಾಡಿದರೂ ‘ಬದನೆಕಾಯಿ ತಾ’ ಎಂದೇ ಅರ್ಥ! ತಿಂಗಳಿಡೀ ಎಣ್ಣೆಗಾಯಿ ತಿಂದೆವು. ಐದರ ನಿಯಮ ಹುಟ್ಟಿದ್ದು ಆಗ.

ಈಗ ನೌಬಾದದಲ್ಲಿ ಮದುವೆಗೆ ಹೋದರೂ ಯಾರಾದರೂ ಮಗುವನ್ನು ಮುಂದೆ ತಳ್ಳುತ್ತಾರೆ. “ಇದಕ್ಕ ರ ಅನ್ಲಿಕ್ಕಿ ಬರಂಗಿಲ್ರಿ ಮೇಡಮ್, ಜರಾ ನೋಡ್ರಿ.”

ವೈನಿ ಜಿಲೇಬಿ ಮುರಿಯುತ್ತ, “ನಾಳಿ ಬರ್ರಿ. ಇವತ್ತ ನನ್ನ ಬಾಯಿಗಿ ಬ್ಯಾರೆ ಕೆಲಸ ಅದ” ಎನ್ನುತ್ತಾರೆ.

ಒಮ್ಮೆ ಅವರನ್ನು ಭಾಲ್ಕಿಗೆ ಬಿಡಲು ಹೋದಾಗ ಅವರ ಕಸುಬಿನ ಗುಟ್ಟು ಕಣ್ಣಾರೆ ಕಂಡೆ. ಖಟಕ ಚಿಂಚೋಳಿಯಿಂದ ಅಜ್ಜಿಯೊಬ್ಬಳು ಮಾತಾಡದ ಮೊಮ್ಮಗಳನ್ನು ಕರೆತಂದಿದ್ದಳು.

“ಕೂಸು ಬೆರಳು ತೋರ್ಸಿದ ಕೂಡ್ಲೆ ಬಿಸ್ಕಿಟ್ ಕೊಡ್ತೀರೇನ್ರಿ?”

“ಕೊಡದೆ ಮತ್ತ? ಅಳ್ತದಲ್ರಿ!”

“ಇನ್ನ ಮ್ಯಾಲೆ ಕೈಯಾಗ ಹಿಡ್ಕೊಂಡು, ಅದರ ಮಾರಿ ನೋಡ್ಕೋತ ಜರಾ ಕಾಯ್ರಿ. ಏನರ ಸಪ್ಪಳ ಮಾಡ್ಲಿ, ಆಮ್ಯಾಲೆ ಕೊಡ್ರಿ.”

ಅಜ್ಜಿ ಸೆರಗು ಕೊಡವಿ ಎದ್ದಳು. “ಫೀಸೂ ನಾನೇ ಕೊಡಬೇಕು, ಕೆಲಸನೂ ನಾನೇ ಮಾಡಬೇಕೇನ್ರಿ ಮೇಡಮ್?”

“ಹೂಂನ್ರಿ!” ಎಂದರು ವೈನಿ, ಒಂಚೂರೂ ನಾಚಿಕೆಯಿಲ್ಲದೆ. ಔರಾದದಲ್ಲೂ ಇದೇ ಕತೆ. ಮನೆಮಂದಿಗೆಲ್ಲ ಕೆಲಸ ಹಚ್ಚಿ, ತಾವು ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತ ಬರುತ್ತಾರೆ.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ಸುಧಾರಿಸಿದವು, ಮಾತು ಮಾತ್ರ ಹೋಯಿತು. ಸೊಸೆಯೇ ಮಾತು ಕಲಿಸುವವಳು, ಇನ್ನೇನು ಚಿಂತೆ ಎಂದು ಮೈಲೂರಿನ ನಮ್ಮ ಓಣಿಯೆಲ್ಲ ಧೈರ್ಯ ಹೇಳಿತು. ವೈನಿ ಅಪ್ಪನನ್ನು ಪರೀಕ್ಷಿಸಿ ನನ್ನನ್ನು ಕರೆದರು.

“ತಮ್ಮಾ, ದಿನಾ ಸಂಜಿಗಿ ಮಾವಾರ ಮುಂದ ನೀ ಕೂಡು. ಕಪ್ಪು ಹಿಡ್ಕೊಂಡು ಒಮ್ಮಿ ‘ಚಾ’ ಅನ್ನು. ಸುಮ್ನ ಕಾಯಿ. ಬರಲಿಲ್ಲಂದ್ರ ಕೊಟ್ಟುಬಿಡು.”

“ನಾನಾ? ಮನ್ಯಾಗ ನೀವ ಅದೀರಲ್ರಿ ವೈನಿ!”

“ಐದರ ಮ್ಯಾಲೆ ನಂದು ಬಂದ್.”

ನನಗೆ ಸಿಟ್ಟು ನೆತ್ತಿಗೇರಿತು. ಸ್ವಂತ ಮಾವನಿಗೂ ಟೈಮ್‌ಟೇಬಲ್ಲೇ? ಅಪ್ಪನಿಗೂ ನನಗೂ ಮೊದಲೇ ಮಾತು ಕಡಿಮೆ. ಕರೆಂಟ್ ಬಿಲ್ಲು, ಬಜಾರದ ಚೀಲ, ಅಲ್ಲಿಗೆ ಮುಗಿಯಿತು. ಈಗ ದಿನಾ ಎದುರಿಗೆ ಕೂತು ಅವರ ಮುಖ ನೋಡಬೇಕು! ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಕಲೆಯಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಅವರ ತುಟಿ ನಡುಗುತ್ತಿತ್ತು, ನಾನು ಕಾಯುತ್ತಿದ್ದೆ, ಅವ್ವ ಒಳಗಿನಿಂದ “ಕೊಟ್ಟುಬಿಡೋ, ಪಾಪ” ಎನ್ನುತ್ತಿದ್ದಳು. ಮಳೆಗಾಲ ಹೀಗೇ ಕಳೆಯಿತು. ಅವರು ಮತ್ತೆ ಮಾತಾಡುವುದೇ ಇಲ್ಲವೇನೋ ಎಂದು ನನಗೆ ಒಳಗೊಳಗೇ ಭಯ.

ಒಂದು ಸಂಜೆ ಕಾಯುತ್ತ ಕಾಯುತ್ತ ನನಗೇ ತೂಕಡಿಕೆ ಬಂತು. ಕಪ್ಪು ವಾಲಿ ಚಾ ಮೊಣಕಾಲ ಮೇಲೆ ಸುರಿಯಿತು.

“ಖೋಡಿ!”

ಅಪ್ಪನ ದನಿ! ಅಂಗಳಕ್ಕೆ ಓಡಿದೆ. ವೈನಿ ಕೊತ್ತಂಬರಿ ಸೊಪ್ಪು ಸೋಸುತ್ತ ಕೂತಿದ್ದರು.

“ವೈನಿ, ಅಪ್ಪ ನನಗ ಬೈದರು!”

“ಬೈಗುಳನೇ ಮೊದಲ ಬರ್ತಾವ” ಎಂದರು. ಕೈ ನಿಂತಿತ್ತು, ಕಣ್ಣು ತುಂಬಿತ್ತು. “ನಾ ಕೂತಿದ್ರ ಇದು ನನ್ನ ಕಿವಿಗಿ ಬೀಳ್ತಿತ್ತು. ಬ್ಯಾರೆಯವರ ಮೊದಲ ಮಾತು ಭಾಳ ಕೇಳೇನಿ. ಇದು ನಿಂದು. ಹೋಗು, ಕೂಡು.”

ಒಳಗೆ ಬಂದೆ. ಅಪ್ಪ ಹೆಗಲ ಟವೆಲ್ಲು ತೆಗೆದು ನನ್ನ ಮೊಣಕಾಲು ಒರೆಸತೊಡಗಿದರು. ಏನೋ ಹೇಳಲು ಬಾಯಿ ತೆರೆದರು. ನಾನು ಕಾದೆ.

“ಸು... ಸುಟ್ತೇನು?”

ಚಾ ಯಾವಾಗಲೋ ಆರಿಹೋಗಿತ್ತು. ಆದರೂ “ಹೂಂ ಅಪ್ಪ, ಭಾಳ ಸುಟ್ತು” ಎಂದೆ, ಅವರು ಇನ್ನೊಮ್ಮೆ ಕೇಳಲಿ ಎಂದು.