ಗಾಜಿನ ಕಪಾಟಿನಲ್ಲಿ ಕುಳಿತ ಗ್ರಾಫಿಕ್ಸ್ ಕಾರ್ಡಿಗೆ ನಿವೃತ್ತ ಡ್ರೈವರನ ಅಹವಾಲು

ಮಾನ್ಯರೇ,

ಗಾಂಧಿ ಚೌಕದ ಓಣಿಯಲ್ಲಿ, ಉಮರನ ಕಂಪ್ಯೂಟರ್ ಅಂಗಡಿಯ ಗಾಜಿನ ಕಪಾಟಿನ ನಟ್ಟನಡುವೆ, ಸ್ವಂತದ ಎರಡು ಫ್ಯಾನುಗಳ ಸಮೇತ ವಿರಾಜಮಾನರಾಗಿರುವ ಗ್ರಾಫಿಕ್ಸ್ ಕಾರ್ಡ್ ಸಾಹೇಬರ ಸನ್ನಿಧಾನಕ್ಕೆ, ವಿಜಯಪುರದಿಂದ ಟಿಕೋಟಾ ಮೇಲೆ ಹಾಯ್ದು ಹೊನವಾಡಕ್ಕೆ ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ಹೋದ ವರ್ಷ ನಿವೃತ್ತನಾದ, ಜಲನಗರದ ಈರಯ್ಯ ಹಿರೇಮಠ ಮಾಡುವ ನಮಸ್ಕಾರಗಳು. ಇತ್ತ ನಾನೂ ನನ್ನ ಮನೆಯವಳಾದ ಕಾಶಿಬಾಯಿಯೂ ಕ್ಷೇಮ. ತಾವಂತೂ ಕಪಾಟಿನಿಂದ ಕೆಳಗಿಳಿಯುವವರೇ ಅಲ್ಲ, ತಮಗೇನು ಧಾಡಿ!

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಬಸ್ಸು ಓಡಿಸುವ ಗೇಮಿಗಾಗಿ ಕಡಿಮೆ ಖರ್ಚಿನ ಕಂಪ್ಯೂಟರ್ ಕಟ್ಟಿಸುವವರು ತಮ್ಮಿಂದ ಲೆಕ್ಕ ಶುರುಮಾಡಬೇಕಂತೆ. ನಾನು ಡ್ರೈವರನಾದ್ದರಿಂದ ಸ್ಟೇರಿಂಗಿನಿಂದ ಶುರುಮಾಡಿದೆ. ಸ್ಟೇರಿಂಗ್ ಬಂದ ಮೇಲೆ ಕ್ಲಚ್ಚು ಬ್ರೇಕು ಬೇಡವೇ, ಆಮೇಲೆ ಬಲಗನ್ನಡಿ ಎಡಗನ್ನಡಿ ಇಲ್ಲದೆ ಯಾವ ಡ್ರೈವರ್ ಸ್ಟ್ಯಾಂಡಿನಿಂದ ಗಾಡಿ ಹೊರತೆಗೆಯುತ್ತಾನೆ ಎಂದು, ಮುಂದಿನ ಗಾಜಿಗೊಂದು, ಆಚೀಚೆಯ ಕನ್ನಡಿಗೆ ಎರಡು, ಹೀಗೆ ಮೂರು ಪರದೆ ಕೊಂಡೆ. ಬಣ್ಣದ ದೀಪದ ಕ್ಯಾಬಿನೆಟ್ಟು ತೋರಿಸಿದಾಗ, ನನ್ನದು ಬ್ಯಾಂಡಿನವರ ಗಾಡಿಯಲ್ಲ ಎಂದು ಸಾದಾ ಡಬ್ಬಿಯನ್ನೇ ಆರಿಸಿ ಉಳಿತಾಯವನ್ನೂ ಮಾಡಿದೆ. ಕೊನೆಗೆ ಉಮರ ತಲೆ ಕೆರೆದುಕೊಂಡು, “ಕಾಕಾ, ಎಲ್ಲಾ ತಗೊಂಡ್ರಿ, ಚಿತ್ರ ಓಡಸೋ ಕಾರ್ಡ್ ಒಂದ ಬಿಟ್ರಲ್ರಿ” ಎಂದ. ಅಷ್ಟೊತ್ತಿಗೆ ಕಿಸೆ ಖಾಲಿಯಾಗಿತ್ತು.

ಪ್ರೊಸೆಸರಿನ ಹೊಟ್ಟೆಯಲ್ಲೇ ಅಷ್ಟಿಷ್ಟು ಗ್ರಾಫಿಕ್ಸ್ ಇರುತ್ತದೆ, ಸದ್ಯಕ್ಕೆ ನಡೆಸಿರಿ ಎಂದು ಅವನು ಧೈರ್ಯ ಹೇಳಿದ. ನಡೆಸಿದೆ. ಕಂಡಕ್ಟರನ ಕೈಗೆ ಸ್ಟೇರಿಂಗ್ ಕೊಟ್ಟಂತಾಯಿತು. ನಾನು ತಿರುವು ತೆಗೆದುಕೊಂಡರೆ ಅರ್ಧ ಲೋಟ ಚಹಾ ಕುಡಿದ ಮೇಲೆ ಬಸ್ಸು ತಿರುಗುತ್ತಿತ್ತು, ಅದೂ ಗೋಡೆಯ ಕಡೆಗೆ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ತಾವು ಕೇಳಬಹುದು. ದೊಡ್ಡವರು, ಕೇಳುವ ಹಕ್ಕು ತಮಗಿದೆ. ಇಪ್ಪತ್ತೆರಡು ವರ್ಷದ ಕೆಳಗೆ, ಟಿಕೋಟಾ ದಾಟಿದ ಮೇಲೆ, ತನ್ನ ತವರಿನ ಹೊಲದ ದಂಡೆಯಲ್ಲಿ ಕಾಶಿಬಾಯಿ ಕೈಚೀಲ ಹಿಡಿದು ನನ್ನ ಬಸ್ಸಿಗೆ ಕೈಮಾಡಿದ್ದಳು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು, ಅದು ಸ್ಟಾಪೂ ಅಲ್ಲ, ನಾನು ನಿಲ್ಲಿಸಲಿಲ್ಲ. ಹಾರ್ನ್ ಹೊಡೆದು ಹೋಗಿಬಿಟ್ಟೆ. ಅಂದಿನಿಂದ ಅವಳು ನನ್ನ ಗಾಡಿ ಹತ್ತಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಚಲೋ ಇತ್ತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವನಿಗೆ, “ಊರ ಮಂದೀನ್ನೆಲ್ಲಾ ಹತ್ತಿಸ್ಕೊಂಡ್ರಿ, ನಾ ಒಬ್ಬಾಕಿನ ಉಳದೆ” ಎಂದಳು, ಅಷ್ಟೇ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಒಂದು ಟ್ರಿಪ್ಪು ಅವಳನ್ನು ಕೂರಿಸಿಕೊಂಡು ಓಡಿಸಬೇಕಾಗಿತ್ತು, ಸರಕಾರ ಮಾತ್ರ ಗಾಡಿಯ ಕೀಲಿ ತೆಗೆದುಕೊಂಡಿತ್ತು. ನನ್ನ ಪಾಲಿಗೆ ಉಳಿದದ್ದು ಗೇಮಿನ ಬಸ್ಸೊಂದೇ.

ಆದ್ದರಿಂದ ತಮ್ಮನ್ನು ಹಿಡಿದಿಟ್ಟುಕೊಳ್ಳಲು ನಮ್ಮ ಕಡೆಯ ರಿವಾಜಿನಂತೆ ಗಾಜಿನ ಕಪಾಟಿನ ಮೇಲೆ ನನ್ನ ಟವೆಲ್ ಹಾಕಿ ಬಂದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದರೆ ಸೀಟು ತನ್ನದೆಂದು ಹೊನವಾಡದಲ್ಲಿ ಕೂಸಿಗೂ ಗೊತ್ತು. “ಕಾಕಾ, ಇದು ಬಸ್ ಅಲ್ರಿ” ಎಂದು ಉಮರ ನಕ್ಕರೂ ಟವೆಲ್ ತೆಗೆಯಲಿಲ್ಲ, ಪಾಪ, ಒಳ್ಳೆಯವನು. ಮುಂದಿನ ಪಿಂಚಣಿ ಹಿಡಿದುಕೊಂಡು ಹೋದರೆ ಟವೆಲ್ ಇದ್ದಲ್ಲೇ ಇತ್ತು, ತಾವು ಮಾತ್ರ ಬೆಲೆಯಲ್ಲಿ ಇನ್ನೊಂದು ಮೆಟ್ಟಿಲು ಮೇಲೇರಿದ್ದಿರಿ. ಅದರ ಮುಂದಿನ ತಿಂಗಳೂ ಅದೇ ಹಾಡು. ಘಾಟಿನಲ್ಲಿ ಓವರ್‌ಟೇಕ್ ಮಾಡುವ ಆ ಚಾಲಾಕಿಗೆ ನನ್ನ ಶಹಬ್ಬಾಸ್ ಇದೆ. ಹಿರಿಯ ನಾಗರಿಕರ ರಿಯಾಯಿತಿಯಲ್ಲಿ ತಾವು ದಯಮಾಡಿಸಬಹುದೇ, ಅದಾಗದಿದ್ದರೆ ಒಂದು ಫ್ಯಾನನ್ನಾದರೂ ಎರವಲು ಸೇವೆಗೆ ಕಳಿಸಬಹುದೇ ಎಂದು ಕಪಾಟಿನ ಮುಂದೆ ನಿಂತು ವಿನಂತಿಸಿಕೊಂಡೂ ಬಂದೆ.

ಹೋದ ರವಿವಾರ ನಾನು ಆಸೆ ಬಿಟ್ಟು, ಕಪಾಟಿನ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಹೊರಟಾಗ ಉಮರನಿಗೇ ಕರುಳು ಚುರ್ರೆಂದಿರಬೇಕು, ನನ್ನ ಜೊತೆ ಮನೆಗೆ ಬಂದ. ಕಂಪ್ಯೂಟರಿನ ಹೊರೆ ಇಳಿಸಲೆಂದು ಕನ್ನಡಿಯ ಎರಡು ಪರದೆ ಕಿತ್ತು, ಗೇಮಿನೊಳಗಿನ ನೆರಳು ತೆಗೆದ, ಗಿಡ ತೆಗೆದ, ಎದುರು ಬರುವ ಲಾರಿ ಕಾರು ತೆಗೆದ, ಕೊನೆಗೆ ಪ್ಯಾಸೆಂಜರುಗಳನ್ನೂ ಒಬ್ಬರನ್ನೂ ಬಿಡದಂತೆ ತೆಗೆದ. ಬಸ್ಸು ಓಡಿತು! ತಡವರಿಸದೆ, ನಿಲ್ಲದೆ, ನುಣ್ಣಗೆ ಓಡಿತು. ಯಾವ ದೇಶದ ರಸ್ತೆಯೋ ಏನೋ, ನಾನು ಮನಸ್ಸಿನಲ್ಲೇ ಟಿಕೋಟಾ ದಾಟಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಶಿಬಾಯಿಯನ್ನು ಕಂಡು, ಸ್ಟಾಪು ಅಲ್ಲದ ಕಡೆ ಬ್ರೇಕ್ ಹಾಕಿ, ಗುಂಡಿ ಒತ್ತಿ ಬಸ್ಸಿನ ಬಾಗಿಲು ತೆಗೆದೆ. ಪಕ್ಕದ ಕುರ್ಚಿಯ ಮೇಲೆ ಟವೆಲ್ ಹಾಕಿದೆ.

ಅವಳು ಒಳಗೆ ಹೋದಳು. ಹೋದಳಲ್ಲ, ಮುಗೀತು ಅಂದುಕೊಂಡೆ. ಕೈಚೀಲ ಹಿಡಿದುಕೊಂಡು ಬಂದಳು. ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತು, ಸೆರಗು ಸರಿಮಾಡಿಕೊಂಡು, “ಅಂತೂ ನಿಂದರಿಸಿದ್ರಿ ನೋಡ್ರಿ” ಎಂದಳು. ನಾನು ಹಾರ್ನ್ ಹೊಡೆಯಲಿಲ್ಲ.

ತಮ್ಮ ಏರುವ ಬೆಲೆಗೆ ಇಲ್ಲಿಂದಲೇ ಕೈಮುಗಿಯುವ,
ತಮ್ಮ ವಿಶ್ವಾಸಿ,
ಈರಯ್ಯ ಹಿರೇಮಠ

ತಾ.ಕ.: ಮುಂದೆಂದಾದರೂ ತಮ್ಮ ಬೆಲೆ ಇಳಿದು ನಮ್ಮ ಮನೆಗೆ ಬರುವ ಮನಸ್ಸಾದರೆ ಅವಶ್ಯ ಬನ್ನಿರಿ. ಆದರೆ ಸೀಟು ಭರ್ತಿಯಾಗಿದೆ, ತಾವು ನಿಂತುಕೊಂಡೇ ಬರಬೇಕಾಗುತ್ತದೆ.