ಎರಡು ಸೆಕೆಂಡಿನ ಕೆಲಸ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಎರಡೇ ಎರಡು ಸೆಕೆಂಡು.

ಜನ ರೈಲಿನಲ್ಲಿ ಮರೆತುಹೋದ ಸಾಮಾನುಗಳ ಕಚೇರಿಯಲ್ಲಿ ನಮ್ಮ ಪ್ರೋಗ್ರಾಮರ್ ಮಹಾಶಯನಿಗೆ ಒಂದೇ ಕೆಲಸ: ಕಳೆದುಕೊಂಡವರ ದೂರುಗಳನ್ನು ಸಿಕ್ಕ ಸಾಮಾನುಗಳ ಪಟ್ಟಿಯೊಂದಿಗೆ ತಾಳೆ ನೋಡುವುದು. ಅವನ ಪ್ರೋಗ್ರಾಂ ಒಂದು ದೂರು ಹಿಡಿದು ಇಡೀ ಪಟ್ಟಿ ಸುತ್ತುತ್ತಿತ್ತು. ಮುಂದಿನ ದೂರು ಹಿಡಿದು ಮತ್ತೆ ಮೊದಲಿನಿಂದ ಸುತ್ತುತ್ತಿತ್ತು. ಲೂಪಿನೊಳಗೊಂದು ಲೂಪು. ದಿನಕ್ಕೆ ನಾಲ್ಕು ಗಂಟೆ. ಅಷ್ಟು ಹೊತ್ತೂ ಕಚೇರಿಗೆ ಕಚೇರಿಯೇ ಕೈಕಟ್ಟಿ ಕೂರುತ್ತಿತ್ತು. ರಿಜಿಸ್ಟರ್ ಬರೆಯುವ ಅಕ್ಕನಂತೂ ಆ ವರ್ಷ ಹನ್ನೊಂದು ಸ್ವೆಟರ್ ಹೆಣೆದಿದ್ದರು.

"ಸಂಜೆ ಐದಕ್ಕೆ ಮಗಳ ನಾಟಕ. ಎರಡು ವರ್ಷ ಕೈಕೊಟ್ಟಿದ್ದೀರಿ. ಈ ಸಲಾನೂ ಬರ್ಲಿಲ್ಲ ಅಂದ್ರೆ ನಿಮ್ಮನ್ನ ಅಪ್ಪ ಅಂತ ಕರೆಯೋದೇ ಬಿಡ್ತಾಳಂತೆ" ಎಂದು ಆ ದಿನ ಬೆಳಿಗ್ಗೆ ಅವನು ಹೊರಡುವಾಗಲೇ ಹೆಂಡತಿ ಎಚ್ಚರಿಸಿದ್ದಳು. ಪಾಪ, ಹೆದರಿಬಿಟ್ಟ. ಕಚೇರಿಗೆ ಬಂದವನೇ ಲೂಪುಗಳನ್ನು ಕಿತ್ತೆಸೆದ. ದೂರುಗಳನ್ನೆಲ್ಲ ಪೋಣಿಸಿ ‘ಅರೇ’ ಎಂಬ ಒಂದು ಉದ್ದ ಸರ, ಸಾಮಾನುಗಳದ್ದೂ ಅಂಥದ್ದೇ ಇನ್ನೊಂದು ಮಾಡಿ, ಎರಡನ್ನೂ ಇಡಿಯಾಗಿ ಎದುರುಬದುರು ನಿಲ್ಲಿಸಿ ಒಂದೇ ಏಟಿಗೆ ಹೋಲಿಸುವಂತೆ ಬರೆದ. ಹನ್ನೆರಡಕ್ಕೆ ಗುಂಡಿ ಒತ್ತಿದರೆ ಎರಡೇ ಸೆಕೆಂಡು!

"ಮುಗೀತು ಸಾರ್!" ಎಂದು ಸಾಹೇಬರಿಗೆ ಕೂಗಿ ಹೇಳಿದ.

ಅಕ್ಕನ ಸೂಜಿಗಳು ನಿಂತವು. "ಎರಡು ಸೆಕೆಂಡಲ್ಲಿ ನಂಗೆ ಕನ್ನಡಕ ಹಾಕ್ಕೊಳ್ಳೋಕೂ ಆಗಲ್ಲಪ್ಪ. ಅದು ಓದದೇನೇ ಸಹಿ ಹಾಕಿರತ್ತೆ ಸಾರ್."

ದಿನವೂ ಓದದೇ ಸಹಿ ಹಾಕುವ ಸಾಹೇಬರಿಗೆ ಇದು ತಟ್ಟನೆ ಅರ್ಥವಾಯಿತು. "ಹಳೇದನ್ನೂ ಓಡ್ಸಯ್ಯ. ಎರಡೂ ಒಂದೇ ಬಂದ್ರೆ ಹೊರಡು."

ಹಳೆಯದು ತನ್ನ ಗತ್ತು ಬಿಡದೆ ನಾಲ್ಕಕ್ಕೆ ಮುಗಿಸಿತು. "ಎರಡೂ ಒಂದೇ ಸಾರ್, ಕಂಪ್ಯೂಟರೇ ಹೋಲಿಸಿ ಹೇಳ್ತು!" ಎಂದು ಅವನು ಚೀಲ ಹೆಗಲಿಗೇರಿಸಿದ.

"ಎಷ್ಟು ಹೊತ್ತಲ್ಲಿ ಹೇಳ್ತು?"

ಸುಳ್ಳು ಹೇಳಬಹುದಿತ್ತು, ದಡ್ಡ. "ಎರಡು ಸೆಕೆಂಡು ಸಾರ್."

"ಮತ್ತದೇ ಎರಡು ಸೆಕೆಂಡು! ಯಾರ ಕಿವಿ ಮೇಲೆ ಹೂ ಇಡ್ತೀಯ? ಎರಡನ್ನೂ ಪ್ರಿಂಟ್ ತೆಗಿ. ಇದರಲ್ಲಿ ಒಂದು ಸಾಲು ಹಿಡಿ, ಅದರಲ್ಲಿ ಪೂರ್ತಿ ಹುಡುಕು. ಆಮೇಲೆ ಮುಂದಿನ ಸಾಲು."

ಪ್ರಿಂಟರು ಎರಡು ಸಲ ಕಾಗದ ನುಂಗಿ ಐದರ ಹೊತ್ತಿಗೆ ಹಾಳೆಗಳನ್ನು ಕಕ್ಕಿತು. ಎರಡು ಪಟ್ಟಿಗಳ ಕ್ರಮವೂ ಬೇರೆ ಬೇರೆ. ಮಹಾಶಯ ತಾನೇ ಲೂಪಾಗಿ ಕೂತು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವತೊಡಗಿದ. ಅಷ್ಟರಲ್ಲಿ ಫೋನು.

"ಎಲ್ಲಿದ್ದೀರ್ರೀ? ಪರದೆ ಏಳ್ತಿದೆ, ಮಗಳು ಹುಡುಕ್ತಿದ್ದಾಳೆ!"

ಹಾಳೆಯಿಂದ ಕಣ್ಣು ಕೀಳದೆ ಅವನು ಗೋಳಾಡಿದ: "ಇನ್ನೂ ಮೊದಲ್ನೇ ಸಾಲಲ್ಲೇ ಇದ್ದೀನಿ ಕಣೇ!"



"ಯಾವ ನಾಟಕದ್ದು? ಇಲ್ಲಿ ಮೊದಲ್ನೇ ಸಾಲಲ್ಲಿ ನಾನು, ನಮ್ಮಪ್ಪ ಕೂತಿದ್ದೀವಿ!"