ನೂರ ಹದಿಮೂರು ಪ್ರಶ್ನೆಚಿಹ್ನೆ

ನಮ್ಮನೇಲಿ ನಾನು ಮುಟ್ಟಬಾರದ ವಸ್ತುಗಳು ಎರಡು. ಒಂದು, ನನ್ನ ಹೆಂಡತಿಯ ಹೊಲಿಗೆ ಕತ್ತರಿ. ಇನ್ನೊಂದು, ಸೊಸೆಯ ಕಂಪ್ಯೂಟರು. ಕತ್ತರಿ ವಿಷಯ ಬಿಡಿ, ಅದರಲ್ಲಿ ನಾನು ಒಂದ್ಸಲ ತಗಡು ಕತ್ತರಿಸಿದ್ದು ನಿಜ. ಆದ್ರೆ ಕಂಪ್ಯೂಟರು ಯಾಕೆ ಮುಟ್ಟಬಾರದು, ಹೇಳಿ? ಮೂವತ್ತೆಂಟು ವರ್ಷ ಪ್ರೆಸ್ಸಲ್ಲಿ ಸೀಸದ ಅಕ್ಷರ ಒಂದೊಂದೇ ಹೆಕ್ಕಿ ಜೋಡಿಸಿದ ಕೈ ಇದು. ಒಂದ್ಸಲ ಕರೆಂಟು ಹೋದಾಗ ಬೆಕ್ಕಿನ ಕಣ್ಣಿನ ಬೆಳಕಲ್ಲೇ ಇಡೀ ಟೆಲಿಫೋನ್ ಡೈರೆಕ್ಟರಿ ಜೋಡಿಸಿದ್ದೆ. (ಬೆಕ್ಕು ಎರಡೇ ಸಲ ಕಣ್ಣು ಮಿಟುಕಿಸಿದ್ದು. ಆ ಎರಡು ನಂಬರು ಮಾತ್ರ ತಪ್ಪಾಯ್ತು.) ಇಂಥ ಮಹಾನುಭಾವನಿಗೆ ಸೊಸೆ ಹೇಳ್ತಾಳೆ, "ಮಾವ, ದಯವಿಟ್ಟು ದೂರದಿಂದಲೇ ನೋಡಿ."

ಆವತ್ತು ದೂರದಿಂದಲೇ ನೋಡ್ತಿದ್ದೆ. ಆಮೇಲೆ ಸ್ವಲ್ಪ ಹತ್ತಿರದಿಂದ ನೋಡ್ದೆ. ಅಲ್ಲೇ ಆಗಿದ್ದು ಎಡವಟ್ಟು.

ವಿಷಯ ಏನಂದ್ರೆ, ಊರಿನ ಸಭಾಂಗಣಕ್ಕೆ ಪರದೇಶದ ನಲವತ್ತೆಂಟು ಜನ ಹಾಡುಗಾರರು ಬರೋರಿದ್ರು. ಅವರ ಹೆಸರಿನ ಪಟ್ಟಿ ಟೈಪ್ ಮಾಡಿ ಪ್ರೆಸ್ಸಿಗೆ ಕೊಡೋ ಕೆಲಸ ಸೊಸೆಗೆ ಸಿಕ್ಕಿತ್ತು. ಅವಳ ಮೊದಲ ಸ್ವಂತ ಕೆಲಸ. ಇದು ಒಂದು ಚುಕ್ಕೆಯೂ ತಪ್ಪದ ಹಾಗೆ ಬಂದ್ರೆ ವರ್ಷಪೂರ್ತಿ ಕೆಲಸ ಕೊಡ್ತೀವಿ ಅಂತ ಪ್ರೆಸ್ಸಿನವರು ಅಂದಿದ್ರಂತೆ. ಆದ್ರೆ ಹೆಸರುಗಳೋ! ನೋಡೋಕೆ ಇಂಗ್ಲಿಷ್ ಅಕ್ಷರವೇ, ಆದ್ರೆ ಒಂದರ ತಲೆ ಮೇಲೆ ಟೋಪಿ, ಇನ್ನೊಂದರ ತಲೆ ಮೇಲೆ ಎರಡು ಚುಕ್ಕೆ, ಮತ್ತೊಂದಕ್ಕೆ ಕೆಳಗೆ ಬಾಲ. ಅವು ಯಾವೂ ಕೀಬೋರ್ಡಲ್ಲಿ ಇಲ್ಲ. ಎಡಗೈಲಿ ಆಲ್ಟ್ ಅನ್ನೋ ಗುಂಡಿ ಅದುಮಿ ಹಿಡೀಬೇಕು, ಬಲಗೈಲಿ ಸೊನ್ನೆ-ಎರಡು-ಮೂರು-ಮೂರು ಅಂತ ನಾಲ್ಕು ಅಂಕಿ ಒತ್ತಬೇಕು, ಆಮೇಲೆ ಎಡಗೈ ಬಿಡಬೇಕು. ಆಗ ಒಂದೇ ಒಂದು ಅಕ್ಷರ ಹುಟ್ಟುತ್ತೆ. ಸೊಸೆ ನಂಬರುಗಳ ಚೀಟಿಯನ್ನ ಪರದೆಯ ಅಂಚಿಗೆ ಅಂಟಿಸಿಕೊಂಡು ಎರಡು ದಿನ ಕೂತಳು. ಮಣಿಕಟ್ಟು ಊದಿ ಬದನೇಕಾಯಿ ಆಯ್ತು. ಮೂರನೇ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ, "ಅತ್ತೆ, ಡಾಕ್ಟರಿಗೆ ಕೈ ತೋರಿಸಿ ಬರ್ತೀನಿ. ಹನ್ನೊಂದು ಗಂಟೆಗೆ ಪ್ರೆಸ್ಸಿನ ಯಜಮಾನ್ರು ಪಟ್ಟಿ ತಗೊಂಡು ಹೋಗೋಕೆ ಬರ್ತಾರೆ, ಅಷ್ಟರಲ್ಲಿ ನಾನೂ ಬಂದಿರ್ತೀನಿ" ಅಂತ ಹೊರಟಳು.

ಕಂಪ್ಯೂಟರು ಆನ್ ಇತ್ತು. ಹದಿನೇಳನೇ ಹೆಸರಿನ ಮಧ್ಯೆ ಒಂದು ಜಾಗ ಜಾಸ್ತಿ ಬಿಟ್ಟಿತ್ತು. ನಿಮಗೆ ಅದು ಕಾಣ್ತಿರಲಿಲ್ಲ. ನನಗೆ ಅದು ಬಾಗಿಲು ತೆಗೆದಿಟ್ಟ ಬೀರು ಕಂಡ ಹಾಗೆ ಕಂಡಿತು. ಕೈ ತುರಿಸಿತು. ಒಂದೇ ಒಂದು ಗುಂಡಿ ಒತ್ತಿ ಆ ಜಾಗ ಅಳಿಸಿದೆ. ಇನ್ನು ಸೇವ್ ಮಾಡಬೇಕಲ್ಲ. ಸೇವ್ ಅನ್ನೋದರ ಬದಲು ಅದರ ಪಕ್ಕದ್ದೇನೋ ಒತ್ತಿದೆ ಅಂತ ಕಾಣುತ್ತೆ. ತಕ್ಷಣ ಒಂದು ಡಬ್ಬಿ ಎದ್ದು ನಿಂತಿತು: "ಹಳೆಯ ನಮೂನೆಯಲ್ಲಿ ಉಳಿಸಿದರೆ ಕೆಲವು ಅಕ್ಷರಗಳು ಕಳೆದುಹೋಗಬಹುದು. ಮುಂದುವರಿಯಲೇ?"

ಈಗ ನೀವೇ ಹೇಳಿ. ನಲವತ್ತಾರು ವರ್ಷ ಸಂಸಾರ ಮಾಡಿದ ಗಂಡಸು. ಎದುರಿಗೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ, ಪ್ರಶ್ನೆ ಪೂರ್ತಿ ಆಗೋ ಮೊದಲೇ ಬಾಯಿಂದ ಏನು ಬರುತ್ತೆ? "ಹೂಂ." ಬಾಯಿ ಹೂಂ ಅಂತು, ಬೆರಳು "ಹೌದು" ಒತ್ತಿತು. ಕೆಲಸ ಮುಗೀತು ಅಂತ ಕಡತ ಮುಚ್ಚಿದೆ. ನನ್ನ ಕೈಚಳಕ ಒಂದ್ಸಲ ನೋಡೋಣ ಅಂತ ಮತ್ತೆ ತೆಗೆದೆ.

ಟೋಪಿ ಇಲ್ಲ, ಚುಕ್ಕೆ ಇಲ್ಲ, ಬಾಲ ಇಲ್ಲ. ಅವು ಇದ್ದ ಕಡೆಯೆಲ್ಲ ಒಂದೊಂದು ಪ್ರಶ್ನೆಚಿಹ್ನೆ. ನಲವತ್ತೆಂಟು ಜನ ಹಾಡುಗಾರರೂ ಸಾಲಾಗಿ ನಿಂತು, "ನೀನು ಯಾರಯ್ಯಾ ಇದನ್ನ ಮುಟ್ಟೋಕೆ?" ಅಂತ ಕೇಳಿದ ಹಾಗಿತ್ತು. ಎಣಿಸಿದೆ. ನೂರ ಹದಿಮೂರು. ಹಿಂದಕ್ಕೆ ತಿರುಗಿಸೋ ಗುಂಡಿ ಒತ್ತಿದೆ, ಅದು ಅಲ್ಲಾಡಲಿಲ್ಲ.

"ರೀ, ಯಾಕ್ರೀ ಹಾಗೆ ಬೆವರ್ತಿದ್ದೀರಿ?" ಬಾಗಿಲಲ್ಲಿ ನನ್ನ ಹೆಂಡತಿ.

"ಸೆಕೆ ಕಣೇ."

"ಫ್ಯಾನ್ ಕೆಳಗೇ ಕೂತಿದ್ದೀರಿ. ಏನು ಮಾಡಿದ್ರಿ?"

"ಒಂದು ಜಾಗ ಜಾಸ್ತಿ ಇತ್ತು..."

ಅವಳು ಬಂದು ಪರದೆ ನೋಡಿದಳು. ಕನ್ನಡಕ ಒರೆಸಿ ಇನ್ನೊಂದ್ಸಲ ನೋಡಿದಳು. "ಅಯ್ಯೋ ನಿಮ್ಮ! ಆ ಹುಡುಗಿ ಎರಡು ದಿನ ಊಟದ ತಟ್ಟೇನೂ ಇಲ್ಲೇ ಇಟ್ಕೊಂಡು ಕೂತಿದ್ಲು. ಕೈ ನೋವಿಗೆ ಕಣ್ಣಲ್ಲಿ ನೀರು ಹಾಕ್ಕೊಂಡು ಟೈಪ್ ಮಾಡಿದ್ಲು. ಅವಳಿಗೆ ಫೋನ್ ಮಾಡಿ, ಹೇಳಿಬಿಡಿ."

"ಹೇಳ್ತೀನಿ. ಆದ್ರೆ ಆ ಹೆಸರೆಲ್ಲ ಕೈಬರಹದಲ್ಲಿ ಬರೆದಿದ್ದ ಹಾಳೆ ಇತ್ತಲ್ಲ? ಮೊದಲು ಅದು ಕೊಡು. ನಾನೇ ತಿದ್ದಿಬಿಡ್ತೀನಿ."

ನೋಡ್ತಿದ್ದ ಹಾಗೇ ಅವಳ ಮುಖ ಬಣ್ಣ ಬದಲಾಯಿಸಿತು.

"ಟೈಪ್ ಆಯ್ತಲ್ಲ ಅಂತ..." ಅಂದಳು.

"ಅಂತ?"

"ಆಲೂಗಡ್ಡೆ ಸಿಪ್ಪೆ ಹಾಕೋಕೆ ಹಾಸ್ಕೊಂಡೆ."

(ಆ ಕ್ಷಣ ನನಗೆ ಎಷ್ಟು ಸಮಾಧಾನ ಆಯ್ತು ಅಂತೀರಿ! ಅಪರಾಧಿ ಸ್ಥಾನದಲ್ಲಿ ಒಬ್ಬನೇ ಇದ್ದವನಿಗೆ ಪಕ್ಕದಲ್ಲಿ ಇನ್ನೊಬ್ಬರು ಸಿಕ್ಕಿದ್ರು.) ಫೋನ್ ಮಾಡೋ ಮಾತು ಅಲ್ಲಿಗೆ ನಿಂತಿತು. ಇಬ್ಬರೂ ಅಡುಗೆಮನೆಯ ಕಸದ ಬುಟ್ಟಿಗೆ ಓಡಿದ್ವಿ. ಹಾಳೆ ಸಿಕ್ಕಿತು. ಒದ್ದೆ. ಅದರ ತುಂಬ ಸಿಪ್ಪೆಯ ಕಂದು ಚೂರು.

ಗಡಿಯಾರ ಒಂಬತ್ತೂ ನಲವತ್ತು. ಅವಳು ಭೂತಗನ್ನಡಿ ಹಿಡ್ಕೊಂಡು ಓದೋದು, ನಾನು ಒತ್ತೋದು.

"ಮೊದಲನೇ ಹೆಸರು. ಮೂರನೇ ಅಕ್ಷರದ ಮೇಲೆ ಒಂಟಿ ಹುಬ್ಬು."

"ಒಂಟಿ ಹುಬ್ಬು... ಸೊನ್ನೆ, ಎರಡು, ಮೂರು, ಮೂರು. ಬಂತು! ಮುಂದೆ?"

"ಅದೇ ಹೆಸರಲ್ಲಿ ಕೊನೇಲಿ ಎರಡು ಕಣ್ಣು."

"ಎರಡು ಕಣ್ಣು. ಸೊನ್ನೆ, ಎರಡು, ನಾಲ್ಕು, ಆರು."

"ಎರಡನೇದು. ಅಕ್ಷರದ ಮೇಲೆ ಹಾವು ಮಲಗಿದೆ. ಆಮೇಲೆ ಒಂದು... ರೀ, ಇದು ಚುಕ್ಕೆಯೋ ಸಿಪ್ಪೆಯೋ?"

"ಉಗುರಲ್ಲಿ ಕೆರಿ. ಎದ್ದು ಬಂದ್ರೆ ಆಲೂಗಡ್ಡೆ."

ಕೆರೆದಳು. "ಎದ್ದು ಬಂತು ರೀ."

"ಹಾಗಾದ್ರೆ ಆ ಮನುಷ್ಯನಿಗೆ ಚುಕ್ಕೆ ಇಲ್ಲ."

ಹೀಗೆ ಹತ್ತು ಹೆಸರು ಹೋಯ್ತು. ಆದ್ರೆ ಹಾಳೆ ಒಣಗ್ತಾ ಬಂದ ಹಾಗೆ ಸಿಪ್ಪೆ ಅಂಟ್ಕೊಳ್ಳೋಕೆ ಶುರುವಾಯ್ತು. ಕೆರೆದ್ರೆ ಸಿಪ್ಪೆ ಬರುತ್ತೋ, ಶಾಯಿ ಬರುತ್ತೋ, ಹಾಳೆಯೇ ತೂತಾಗುತ್ತೋ ಗೊತ್ತಿಲ್ಲ. ಅವಳು ಉಸಿರು ಬಿಗಿ ಹಿಡಿದು ಸೂಜಿ ಮೊನೆಯಲ್ಲಿ ಎಬ್ಬಿಸ್ತಾಳೆ, ನಾನು ಆಲ್ಟ್ ಗುಂಡಿ ಅದುಮಿ ಹಿಡ್ಕೊಂಡು ತೀರ್ಪಿಗೆ ಕಾಯ್ತೀನಿ. ಹೃದಯದ ಆಪರೇಷನ್ನಲ್ಲಿ ಡಾಕ್ಟರು ನರ್ಸು ಇರ್ತಾರಲ್ಲ, ಹಾಗೆ. ರೋಗಿ ಮಾತ್ರ ಆಲೂಗಡ್ಡೆ.

ಹತ್ತೂ ಹತ್ತಕ್ಕೆ ಇನ್ನೊಂದು ಆಘಾತ. ಅಂಕಿ ಒತ್ತಿದ್ರೆ ಅಕ್ಷರ ಬರೋದು ನಿಂತಿತು. ಬದಲಿಗೆ ಆ ಮಿಣಮಿಣ ಗೆರೆ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಜಿಗೀತಾ ಇಡೀ ಪಟ್ಟಿ ತುಂಬ ಓಡಾಡ್ತು.

"ಏನ್ರೀ ಇದು, ಮಿಡತೆ ಥರ?"

"ಕೆಟ್ಟುಹೋಯ್ತು ಕಣೇ! ನಾವು ಕೆಟ್ವಿ!"

"ಮೊದಲು ಕೈ ತೆಗೀರಿ! ಹೊಡೆದ ಹಾಗೆ ಒತ್ತಬೇಡಿ!" ಅವಳು ಬಗ್ಗಿ ಕೀಬೋರ್ಡನ್ನ ಅಕ್ಕಿ ಆರಿಸೋ ಹಾಗೆ ಪರೀಕ್ಷೆ ಮಾಡಿದಳು. "ಇಲ್ಲಿ ಮೂಲೇಲಿ ಒಂದು ಹಸಿರು ದೀಪ ಉರೀತಿತ್ತಲ್ಲ. ಈಗ ಆರಿದೆ. ಅದರ ಕೆಳಗಿನ ಗುಂಡಿಗೆ ನಿಮ್ಮ ಮೊಣಕೈ ತಾಗಿದೆ."

ಒತ್ತಿದಳು. ದೀಪ ಹತ್ತಿತು. ಅಂಕಿಗಳು ಅಂಕಿಗಳಾದವು. ಅಷ್ಟರಲ್ಲಿ ಕಾಲು ಗಂಟೆ ಹೋಗಿತ್ತು, ಇನ್ನೂ ಇಪ್ಪತ್ತೇಳು ಹೆಸರು ಬಾಕಿ ಇತ್ತು.

ಹತ್ತೂವರೆಗೆ ಫೋನು. ಸೊಸೆ! ನಾನು ಕಿವಿಗೂ ಹೆಗಲಿಗೂ ಮಧ್ಯೆ ಸಿಕ್ಕಿಸಿಕೊಂಡೆ, ಕೈಲಿ ಸೊನ್ನೆ-ಎರಡು ಒತ್ತುತ್ತಲೇ.

"ಮಾವ, ಡಾಕ್ಟರ ಹತ್ರ ಮುಗೀತು. ದಾರೀಲಿ ಪ್ರೆಸ್ಸಿನ ಯಜಮಾನ್ರೂ ಸಿಕ್ಕಿದ್ರು, ಅವರ ಗಾಡೀಲೇ ಬರ್ತಿದ್ದೀವಿ."

"ನಿಧಾನಕ್ಕೆ ಬಾರಮ್ಮ! ಅವರಿಗೆ ದಾರೀಲಿ ಕಾಫಿ ಕುಡಿಸ್ಕೊಂಡು ಬಾ!"

"ಮನೇಲೇ ಕುಡಿಸೋಣ ಬಿಡಿ ಮಾವ. ಅದೇನು ಟಕಟಕ ಸದ್ದು?"

"ನಿಮ್ಮತ್ತೆಯ ಹಲ್ಲು!" ಅಂತ ಹೇಳಿ ಇಟ್ಟೆ.

ಅಲ್ಲಿಂದ ಮುಂದೆ ನಾವು ಮಾತಾಡಿದ್ದು ಬರೀ ಹುಬ್ಬು, ಕಣ್ಣು, ಟೋಪಿ, ಬಾಲ, ಹಾವು. ಬೆನ್ನು ಹಲಗೆ ಆಯ್ತು. ಎಡಗೈ ಆಲ್ಟ್ ಗುಂಡಿಗೆ ಅಂಟಿಕೊಂಡೇ ಹುಟ್ಟಿದ ಹಾಗಿತ್ತು. ಹೊರಗೆ ಗಾಡಿ ನಿಂತ ಸದ್ದಾದಾಗ ನಲವತ್ತೇಳನೇ ಹೆಸರು. ಗೇಟು ಕಿರುಗುಟ್ಟಿದಾಗ ನಲವತ್ತೆಂಟರ ಉಂಗುರ. ಸೇವ್ ಒತ್ತೋಕೆ ಮುಂಚೆ ನನ್ನ ಹೆಂಡತಿ ನನ್ನ ಕೈ ಹಿಡಿದು ತಾನೇ ಓದಿ, ತಾನೇ ಸರಿಯಾದ್ದು ಒತ್ತಿದಳು. ಸಿಪ್ಪೆಯ ಹಾಳೆಯನ್ನ ದಿಂಬಿನ ಕೆಳಗೆ ತುರುಕಿ ನನ್ನ ಕಿವೀಲಿ ಹೇಳಿದಳು, "ಬಾಯಿ ಬಿಟ್ರೆ ನೋಡಿ."

ಬಾಗಿಲು ತೆಗೀತು. ಹನ್ನೊಂದು ಗಂಟೆ.

ಸೊಸೆಯ ಕೈಗೆ ಮೊಣಕೈವರೆಗೂ ಪಟ್ಟಿ ಕಟ್ಟಿತ್ತು. ಯಜಮಾನರು ಪರದೆ ಮುಂದೆ ಕೂತು, ತಮ್ಮ ಚೀಲದಿಂದ ಇನ್ನೊಂದು ಪ್ರತಿ ತೆಗೆದು ಹೆಸರಿಗೆ ಹೆಸರು ಬೆರಳಿಟ್ಟು ನೋಡಿದ್ರು. ಹತ್ತು. ಇಪ್ಪತ್ತು. ಮೂವತ್ತನೇ ಹೆಸರಲ್ಲಿ ಬೆರಳು ನಿಂತಿತು. ನನ್ನ ಹೆಂಡತಿ ಗೋಡೆ ಹಿಡ್ಕೊಂಡಳು. ಯಜಮಾನರು ಸೀನಿದ್ರು, ಮುಂದೆ ಹೋದ್ರು. ನಲವತ್ತೆಂಟು.

"ಒಂದೂ ತಪ್ಪಿಲ್ಲ ತಾಯಿ! ಇಷ್ಟು ವರ್ಷದಲ್ಲಿ ಇಷ್ಟು ಶುದ್ಧವಾದ ಕೆಲಸ ನೋಡಿಲ್ಲ. ಎಷ್ಟು ಹೊತ್ತು ಹಿಡೀತು?"

"ಎರಡು ದಿನ ಸರ್," ಅಂದಳು ಸೊಸೆ. ದನಿ ಯಾಕೋ ಸಣ್ಣಗಿತ್ತು.

"ಹಾಗಾದ್ರೆ ಮಾತು ಪಕ್ಕಾ. ಸಭಾಂಗಣದಲ್ಲಿ ಇದುವರೆಗೂ ಹಾಡಿದ ಪರದೇಶದವರೆಲ್ಲರ ಹೆಸರಿನ ಪುಸ್ತಕ ತರ್ತಿದ್ದಾರೆ. ಆರು ಸಾವಿರ ಹೆಸರು. ಅದರಿಂದಲೇ ಶುರು, ವರ್ಷಪೂರ್ತಿ ಕೆಲಸ ನಿಮ್ಮದೇ."

ಸೊಸೆ ಪಟ್ಟಿ ಕಟ್ಟಿದ ಕೈ ನೋಡ್ಕೊಂಡಳು. "ಡಾಕ್ಟರು ಎರಡು ತಿಂಗಳು ಕೀಬೋರ್ಡು ಮುಟ್ಟಬೇಡ ಅಂದ್ರು ಸರ್. ಬೇರೆಯವರಿಗೆ ಕೊಟ್ಟುಬಿಡಿ." ಅಷ್ಟು ಹೇಳೋಷ್ಟರಲ್ಲಿ ಕಣ್ಣು ತುಂಬಿತ್ತು.

"ಛೆ. ಇಂಥ ಕೈ ಇನ್ನೆಲ್ಲಿ ಸಿಗುತ್ತೆ!" ಅಂದ್ರು ಯಜಮಾನರು.

ಇಂಥ ಕೈ! ಆ ಕೈ ಯಾರದ್ದು? ನನ್ನದು. ನಿವೃತ್ತಿಯಾಗಿ ಹತ್ತು ವರ್ಷ ಆದ ಮೇಲೆ ಪ್ರೆಸ್ಸಿನವನೊಬ್ಬ ನನ್ನ ಕೆಲಸವನ್ನ ಹೊಗಳ್ತಿದ್ದಾನೆ, ನಾನು ಕಂಬದ ಹಾಗೆ ನಿಂತಿದ್ದೀನಿ. ಹೆಂಡತಿ ನನ್ನ ಕಾಲು ತುಳಿದಳು. ತಡ್ಕೊಂಡೆ. ಇನ್ನೊಂದ್ಸಲ ತುಳಿದಳು. ಆ ಎರಡನೇ ತುಳಿತಕ್ಕೆ ಬಾಯಿ ತಾನಾಗೇ ತೆರೀತು.

"ಎರಡು ದಿನ ಏನ್ರೀ? ನಲವತ್ತು ನಿಮಿಷ! ನಲವತ್ತೆಂಟು ಹೆಸರೂ ನಾನೇ ಒತ್ತಿದ್ದು!"

(ಗಡಿಯಾರದ ಪ್ರಕಾರ ಎಂಬತ್ತು. ಗಡಿಯಾರವನ್ನ ಯಾರು ಕೇಳಿದ್ರು?) ಸೊಸೆ ನಿಧಾನಕ್ಕೆ ನನ್ನ ಕಡೆ ತಿರುಗಿದಳು. "ಮಾವ, ಮುಟ್ಟಿದ್ರಾ?"

ಎಲ್ಲಾ ಹೇಳಬೇಕಾಯ್ತು. ಜಾಗ, ಡಬ್ಬಿ, ಹೂಂ, ನೂರ ಹದಿಮೂರು. ಆದ್ರೆ ಹೇಳೋವಾಗ ಒಂದು ಸ್ವಲ್ಪ ರಂಗು ಬೇಡ್ವೇ? "ನೋಡು, ಕೆಡಿಸಿದವನೂ ನಾನೇ, ಸರಿ ಮಾಡಿದವನೂ ನಾನೇ. ಒಬ್ಬನೇ! ಇವಳೇನು ಮಾಡಿದ್ಲು? ಸುಮ್ಮನೆ ಪಕ್ಕದಲ್ಲಿ ಕೂತಿದ್ಲು."

ಸೊಸೆ ಬೈತಾಳೆ ಅಂತ ಕಾದೆ. ಬೈಯಲಿಲ್ಲ. ಕಣ್ಣೊರೆಸಿಕೊಂಡು, "ಸರ್, ಆ ಪುಸ್ತಕ ನಾನು ಒಪ್ಕೊಂಡೆ" ಅಂದಳು. "ಮಾವ ಒತ್ತುತ್ತಾರೆ, ನಾನು ಆಮೇಲೆ ತಪ್ಪು ನೋಡ್ತೀನಿ."

ಯಜಮಾನರು ಆಗಲೇ ಫೋನಲ್ಲಿ ಲೆಕ್ಕ ಹಾಕ್ತಿದ್ರು. "ನಲವತ್ತೆಂಟಕ್ಕೆ ನಲವತ್ತು ನಿಮಿಷ. ಆರು ಸಾವಿರಕ್ಕೆ ಐದು ಸಾವಿರ ನಿಮಿಷ. ದಿನಕ್ಕೆ ಆರು ಗಂಟೆ ಕೂತ್ರೆ ಎರಡೇ ವಾರ! ನಾನು ಎರಡು ತಿಂಗಳು ಕೊಡೋಣ ಅಂತಿದ್ದೆ. ಎರಡು ವಾರ ಅಂತಲೇ ಬರ್ಕೋತೀನಿ, ಆಯ್ತಾ ಹಿರಿಯರೇ?"

ನಾನು ಹೆಂಡತಿ ಕಡೆ ನೋಡಿದೆ. ಕೈಬರಹದ ಹಾಳೇಲಿ ನನ್ನ ಕಣ್ಣಿಗೆ ಹುಬ್ಬೂ ಟೋಪಿಯೂ ಒಂದೇ ಥರ ಕಾಣ್ತವೆ ಅಂತ ಅವಳಿಗೆ ಒಬ್ಬಳಿಗೇ ಗೊತ್ತು.

"ಲೇ, ನೀನು ಓದಿ ಹೇಳ್ತೀಯಲ್ಲ?"

"ನಾನಾ? ನನಗೇನು ಬರುತ್ತೆ ರೀ, ಸುಮ್ಮನೆ ಪಕ್ಕದಲ್ಲಿ ಕೂರೋದು ಬಿಟ್ಟು?" ಅಂದಳು. ಕುರ್ಚಿ ಎಳ್ಕೊಂಡು ನನ್ನ ಪಕ್ಕದಲ್ಲೇ ಹಾಕಿ, ಕೈಕಟ್ಟಿ ಕೂತಳು.